ಮೇಯರ್ ಆಗಿದ್ದೋಳು ಲೋಕಸಭೆಗೆ ನಿಂತೆ, ಮತ್ತೆ ವಾರ್ಡಿಗೆ ಬಂದೆ - ನನ್ನ ಅನುಭವ

ಮೇಯರ್ ಗೌನು ಹಾಕ್ಕೊಂಡ ದಿನ ಇಡೀ ಊರೇ ನನ್ನ ಕೈಗೆ ಬಂತು ಅನ್ಕೊಂಡಿದ್ದೆ. ತಿಂಗಳೊಪ್ಪತ್ತಲ್ಲೇ ಗೊತ್ತಾಯ್ತು, ಫೈಲಿಗೆ ಸೈನ್ ಹಾಕೋರು ಕಮಿಷನರ್, ದುಡ್ಡು ಬರೋದು ಬೆಂಗಳೂರು ಇಲ್ಲಾ ದಿಲ್ಲಿಯಿಂದ, ನಾನು ಸಭೆ ನಡೆಸಿ ಠರಾವು ಪಾಸ್ ಮಾಡಿಸಬೇಕು ಅಷ್ಟೇ. ಅದೂ ಬರೀ ಒಂದು ವರ್ಷ. ಬಜೆಟ್ ಪುಸ್ತಕ ಓದೋಕೆ ಬರೋ ಹೊತ್ತಿಗೆ ಮುಂದಿನ ಮೇಯರ್ ಯಾವ ಕೆಟಗರಿಗೆ ಅನ್ನೋ ಮಾತು ಶುರು ಆಗಿತ್ತು. ನಮ್ಮೂರಲ್ಲಿ ಆಗ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಪೈಪ್‌ಲೈನ್ ಬಗ್ಗೆ ಕೇಳಿದ್ರೆ ಪ್ರತಿ ಸಲ ಒಂದೇ ಉತ್ತರ, ಅಮೃತ್ ಯೋಜನೆ ಮೇಡಂ, ಕೇಂದ್ರದ್ದು. ಹಾಗಾದ್ರೆ ಅಲ್ಲಿಗೇ ಹೋಗ್ತೀನಿ ಅಂತ ಮನಸಲ್ಲಿ ಕೂತುಬಿಡ್ತು.

ಸರ್ದಾರ್ ಪಟೇಲರು 1924ರಿಂದ 28ರವರೆಗೆ ಅಹಮದಾಬಾದ್ ಮುನ್ಸಿಪಾಲಿಟಿ ಅಧ್ಯಕ್ಷರಾಗಿದ್ರು, ರಾಜಾಜಿ ಸೇಲಂದು ನೋಡ್ಕೊಂಡಿದ್ರು, ಚರಂಡಿ ನೀರಿನ ಕೆಲಸ ಮಾಡಿದೋರೇ ದೇಶ ನಡೆಸಿದ್ದು ಅಂತ ಎಲ್ಲರ ಹತ್ರಾನೂ ಹೇಳ್ತಿದ್ದೆ, ಈಗಲೂ ಹೇಳ್ತೀನಿ.

2019ರಲ್ಲಿ ಟಿಕೆಟ್ ಕೇಳೋಕೆ ದಿಲ್ಲಿಗೆ ಹೋದೆ. ನಾಲ್ಕು ದಿನ ಕಾದೆ, ನನ್ನ ಅರ್ಜಿ ಯಾರೂ ಬಿಚ್ಚಿ ನೋಡ್ಲಿಲ್ಲ. ಪಕ್ಷದ ಹೆಸರು ಬೇಡ. ವಾಪಸ್ ಬಂದು ಪಕ್ಷೇತರಳಾಗಿ ನಿಂತೆ.

ಪಕ್ಷೇತರರಿಗೆ ಹತ್ತು ಜನ ಸೂಚಕರು, ಅಂದ್ರೆ ನಾಮಿನೇಷನ್‌ಗೆ ನಮ್ಮ ಹೆಸರು ಸೂಚಿಸಿ ಸೈನ್ ಹಾಕೋರು ಬೇಕು, ಹತ್ತೂ ಜನ ಅದೇ ಲೋಕಸಭಾ ಕ್ಷೇತ್ರದ ಮತದಾರರೇ ಆಗಿರಬೇಕು, ಒಬ್ಬರ ಪಾರ್ಟ್ ನಂಬರ್ ತಪ್ಪಿದ್ರೂ ತೊಂದ್ರೆ, ಅದಕ್ಕೆ ನಾನು ವೋಟರ್ ಲಿಸ್ಟ್ ಮುಂದಿಟ್ಕೊಂಡು ಒಬ್ಬೊಬ್ಬರದೂ ಬೆರಳಿಟ್ಟು ನೋಡಿದೆ. ಠೇವಣಿ 25,000. ಖರ್ಚಿಗೇ ಅಂತ ಬೇರೆ ಬ್ಯಾಂಕ್ ಅಕೌಂಟ್, ಅದೂ ನಾಮಿನೇಷನ್‌ಗಿಂತ ಒಂದು ದಿನ ಮುಂಚೆನೇ ತೆಗೆದಿರಬೇಕು. ಖರ್ಚಿನ ಪುಸ್ತಕ ಕೊಡ್ತಾರಲ್ಲ, ದಿನದ ಲೆಕ್ಕಕ್ಕೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ, ಅದನ್ನ ದಿನಾ ರಾತ್ರಿ ನಾನೇ ಕೂತು ಬರೀತಿದ್ದೆ. ಒಬ್ಬರಿಗೇ ಹತ್ತು ಸಾವಿರಕ್ಕಿಂತ ಜಾಸ್ತಿ ನಗದು ಕೊಡಂಗಿಲ್ಲ, ಇದು ಗೊತ್ತಿಲ್ದೆ ಟೆಂಪೋ ಬಾಡಿಗೆಗೆ ಹನ್ನೆರಡು ಸಾವಿರ ಕೊಟ್ಟು ಆಮೇಲೆ ವಾಪಸ್ ಇಸ್ಕೊಂಡು ಚೆಕ್ ಬರೆದೆ. ನಿಲ್ಲೋರು ಯಾರಾದ್ರೂ ಇದ್ರೆ ಮೊದಲು ಈ ಪುಸ್ತಕ ಓದ್ಕೊಳ್ಳಿ, ಗೆದ್ರೂ ಸೋತ್ರೂ ರಿಸಲ್ಟ್ ಆಗಿ 30 ದಿನದೊಳಗೆ ಲೆಕ್ಕ ಕೊಡ್ಲೇಬೇಕು, ಸರಿಯಾದ ಕಾರಣ ಇಲ್ದೆ ಬಿಟ್ರೆ ಮೂರು ವರ್ಷ ಅನರ್ಹ ಮಾಡ್ಬಹುದು.

ಚಿಹ್ನೆ ಸಿಕ್ಕಿದ್ದು ಗ್ಯಾಸ್ ಸಿಲಿಂಡರ್. ಏಪ್ರಿಲ್ 8ಕ್ಕೆ ನಾಮಿನೇಷನ್ ವಾಪಸ್ ತಗೊಳೋ ಗಡುವು ಮುಗೀತು, 23ಕ್ಕೆ ಮತದಾನ, ಬಹಿರಂಗ ಪ್ರಚಾರ ಎರಡು ದಿನ ಮುಂಚೆನೇ ಬಂದ್. ಹದಿಮೂರು ದಿನದಲ್ಲಿ ಎಂಟು ವಿಧಾನಸಭಾ ಕ್ಷೇತ್ರ ಸುತ್ತಬೇಕು. ನನ್ನನ್ನ ಬಲ್ಲೋರು ಇದ್ದಿದ್ದು ಸಿಟಿಯ ಎರಡರಲ್ಲಿ, ಉಳಿದ ಆರರಲ್ಲಿ ನಾನು ಯಾರೋ. ಹಳ್ಳೀಲಿ ನನ್ನ ಪೈಪ್‌ಲೈನ್ ಕತೆ ಕೇಳೋಕೆ ಯಾರಿಗೆ ಪುರುಸೊತ್ತು, ಅವರು ಬೆಳೆವಿಮೆ ಕೇಳ್ತಿದ್ರು, ನನ್ನ ಹತ್ರ ಓದ್ಕೊಂಡ ಉತ್ತರ ಇತ್ತೇ ಹೊರತು ಅನುಭವದ ಉತ್ತರ ಇರ್ಲಿಲ್ಲ.

ನನ್ನ ವಾರ್ಡಲ್ಲೇ ಒಂದು ಸಂಜೆ, ಕೊಡ ಸಾಲಾಗಿಟ್ಟು ನಲ್ಲಿ ಹತ್ರ ಕೂತಿದ್ದ ಒಬ್ಬ ಅಜ್ಜಿ ಪಾಂಪ್ಲೆಟ್ ಇಸ್ಕೊಂಡು, ಸಿಲಿಂಡರ್ ಚಿತ್ರದ ಮೇಲೆ ಕೈಯಾಡಿಸಿ ಕೇಳಿದ್ಳು, "ಅಕ್ಕಾರ, ನೀವು ದಿಲ್ಲಿಗೆ ಹೋದ್ರ ನಮ್ಮ ನೀರು ಯಾರನ್ನ ಕೇಳೂನ್ರೀ?" ನಿಮ್ಮ ನೀರಿಗೇ ಹೋಗ್ತಿರೋದು ಅಜ್ಜಿ ಅಂದೆ. ಅವಳು ಪಾಂಪ್ಲೆಟ್ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸ್ಕೊಂಡ್ಳು, ಏನೂ ಅನ್ಲಿಲ್ಲ.

ಮೇ 23ಕ್ಕೆ ಠೇವಣಿ ಹೋಯ್ತು. ಚಲಾವಣೆ ಆದ ಸಿಂಧು ಮತದಲ್ಲಿ ಆರನೇ ಒಂದು ಭಾಗ ದಾಟಬೇಕು, ನಾನು ಹತ್ತಿರಕ್ಕೂ ಹೋಗ್ಲಿಲ್ಲ. ನನ್ನ ಸ್ವಂತ ಬೂತಲ್ಲೇ ಮೂರನೇ ಸ್ಥಾನ, ಅದು ತುಂಬಾ ನೋಯ್ತು, ಹದಿನೈದು ದಿನ ಹೊರಗೆ ಬಂದಿಲ್ಲ. ಮುಂದೆ 2024ರಲ್ಲಿ ಪುಣೆ ಮೇಯರ್ ಆಗಿದ್ದ ಮುರಳೀಧರ್ ಮೊಹೊಳ್ ಎಂಪಿ ಆಗಿ ಕೇಂದ್ರದಲ್ಲಿ ರಾಜ್ಯ ಸಚಿವರೂ ಆದಾಗ ಖುಷಿನೇ ಆಯ್ತು, ಆದ್ರೆ ಅವರ ಹಿಂದೆ ಪಕ್ಷ ಇತ್ತು. ಪಕ್ಷ ಇಲ್ದೆ ಬರೀ ಪಾಲಿಕೆಯ ಹೆಸರಿಂದ ಎಂಟು ಕ್ಷೇತ್ರ ಗೆಲ್ಲೋದು ಆಗಲ್ಲ, ಇದನ್ನ ನಾನು ಒಪ್ಕೊಂಡಿದೀನಿ.

ಮುಂದಿನ ಪಾಲಿಕೆ ಚುನಾವಣೇಲಿ ಮತ್ತೆ ನನ್ನ ವಾರ್ಡಿಗೇ ನಿಂತೆ, ಗೆದ್ದೆ. ಈ ಸಲ ಒಂದು ಬದಲಾವಣೆ ಇತ್ತು. ಪ್ರಚಾರಕ್ಕೆ ಅಂತ ಓದಿದ್ದು ಸಭೇಲಿ ಉಪಯೋಗಕ್ಕೆ ಬಂತು, ಹಣಕಾಸು ಆಯೋಗದ ಅನುದಾನದಲ್ಲಿ ನೀರಿಗೆ ಅಂತ ಕಟ್ಟಿಟ್ಟ ಪಾಲು ಎಷ್ಟು, ಯಾವ ಕಂತು ಯಾಕೆ ನಿಂತಿದೆ ಅಂತ ಕಾಗದ ಹಿಡ್ಕೊಂಡೇ ಕೇಳ್ತೀನಿ. ಮೊದಲೆಲ್ಲಾ ಕೇಂದ್ರದ್ದು ಮೇಡಂ ಅಂದ್ರೆ ಸುಮ್ನಾಗ್ತಿದ್ದೆ.

ಇನ್ನೊಂದು, ವಾಲ್ವ್‌ಮ್ಯಾನ್ ಜೊತೆ ಸರದಿ ದಿನ ನಾನೇ ಹೋಗ್ತೀನಿ. ಯಾವ ಓಣಿಗೆ ಎಷ್ಟು ಗಂಟೆಗೆ ಬಿಟ್ರು, ಎಷ್ಟೊತ್ತು ಬಂತು ಅಂತ ಬರ್ಕೊಳ್ಳೋಕೆ ಒಂದು ನೋಟ್‌ಬುಕ್ ಇಟ್ಟಿದೀನಿ, ಚುನಾವಣಾ ಖರ್ಚು ಬರೆದ ಹಾಗೇ ದಿನಾ ರಾತ್ರಿ ಕೂತು ಬರೆಯೋದು. ಕೊನೆ ಓಣಿಗೆ ಈಗ ಐದು ದಿನಕ್ಕೊಮ್ಮೆ ಬರ್ತಿದೆ. ಅಜ್ಜಿ ಮನೆ ಅದೇ ಓಣೀಲಿ, ನೀರು ಬಿಟ್ಟ ದಿನ ನಾನು ಹೋಗೋದು ತಡ ಆದ್ರೆ ಮೊಮ್ಮಗನ ಕೈಲಿ ಫೋನ್ ಮಾಡಿಸ್ತಾಳೆ.