ಬ್ಯಾಟರಿಗೆ ತಲುಪದ ಒಂದು ವೋಲ್ಟ್

ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವ ಡೀಸೆಲ್ ಪಿಕಪ್ ನನ್ನದು. ಬೆಳಗಿನ ಹರಾಜಿನ ಹೊತ್ತಿಗೆ ಬಾಕ್ಸುಗಳು ಮಂಡಿ ಸೇರಬೇಕಾದ್ದರಿಂದ ಓಡಾಟ ಬಹುತೇಕ ರಾತ್ರಿಯದು. ಸೀಸನ್‌ನಲ್ಲಿ ಮಾರುಕಟ್ಟೆಯ ಹೊರಗೆ ಸಾಲಿನಲ್ಲಿ ಲೈಟು ಉರಿಸಿಕೊಂಡು, ಎಂಜಿನ್ ಐಡಲ್‌ನಲ್ಲಿಟ್ಟು ಕಾಯುವುದೂ ಮಾಮೂಲು. ಹೆಡ್‌ಲೈಟಿನ ಎರಡು 55 ವ್ಯಾಟ್ ಬಲ್ಬುಗಳೇ ಸುಮಾರು 9 ಆಂಪಿಯರ್ ಎಳೆಯುತ್ತವೆ. ಅದೇ ಹೊತ್ತಿನಲ್ಲಿ ಆಲ್ಟರ್ನೇಟರ್, ಅಂದರೆ ಎಂಜಿನ್ನಿನ ಬಲದಿಂದ ತಿರುಗಿ ಕರೆಂಟ್ ಉತ್ಪಾದಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ನಿಧಾನವಾಗಿ ತಿರುಗುತ್ತಾ ತನ್ನ ಪೂರ್ಣ ಸಾಮರ್ಥ್ಯದ ಒಂದು ಪಾಲನ್ನಷ್ಟೇ ಕೊಡುತ್ತಿರುತ್ತದೆ. ಹೀಗೆ ದುಡಿಯುವ ವಾಹನದಲ್ಲಿ ಚಾರ್ಜಿಂಗ್‌ನ ಸಣ್ಣ ಕೊರತೆಯೂ ಬೇಗ ಹೊರಗೆ ಕಾಣುತ್ತದೆ.

ವಾರಂಟಿ ಮುಗಿಯುವ ಮೊದಲೇ ಬ್ಯಾಟರಿ ಸೆಲ್ಫ್ ಹೊಡೆಯಲು ಸೋಲತೊಡಗಿದಾಗ, ನೋಡಿದವರಲ್ಲಿ ಹೆಚ್ಚಿನವರು ಬ್ಯಾಟರಿ ಬದಲಿಸಿ ಎಂದರು, ಉಳಿದವರು ಡೈನಮೋ (ಆಲ್ಟರ್ನೇಟರಿಗೆ ಆಡುಮಾತಿನ ಹೆಸರು) ಬಿಚ್ಚಿಸಿ ಎಂದರು. ಎರಡೂ ಖರ್ಚಿನ ಮಾತು. ಏನನ್ನೂ ಬಿಚ್ಚುವ ಮೊದಲು ಅಳೆದು ನೋಡುವುದೆಂದು ನಿಶ್ಚಯಿಸಿ, ಒಂದು ಡಿಜಿಟಲ್ ಮಲ್ಟಿಮೀಟರನ್ನೂ ಬ್ಯಾಟರಿ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನೂ ತೆಗೆದುಕೊಂಡೆ.

ಬ್ಯಾಟರಿಯಿಂದಲೇ ಆರಂಭಿಸಬೇಕು, ಏಕೆಂದರೆ ಅರ್ಧ ಇಳಿದ ಬ್ಯಾಟರಿಯನ್ನಿಟ್ಟುಕೊಂಡು ಮಾಡಿದ ಯಾವ ಪರೀಕ್ಷೆಯನ್ನೂ ನಂಬಲಾಗದು. ರಾತ್ರಿ ನಿಲ್ಲಿಸಿದ್ದ ವಾಹನದಲ್ಲಿ ಬೆಳಿಗ್ಗೆ 12.1 ವೋಲ್ಟ್ ಇತ್ತು, ಅಂದರೆ ಅರ್ಧಕ್ಕಿಂತ ಕಡಿಮೆ ಚಾರ್ಜ್. ಹೊರಗಿನ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ಟರ್ಮಿನಲ್ ಜೋಡಿಸದೆ ಇಡೀ ರಾತ್ರಿ ಬಿಟ್ಟು ನೋಡಿದಾಗ 12.65 ವೋಲ್ಟ್ ನಿಂತಿತ್ತು. ಆರೂ ಸೆಲ್‌ಗಳ ಆಸಿಡ್‌ನ ಗ್ರಾವಿಟಿ (ಸಾಪೇಕ್ಷ ಸಾಂದ್ರತೆ) 1.255 ಮತ್ತು 1.265ರ ನಡುವೆ ಇತ್ತು; ಒಂದೇ ಸೆಲ್ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದಿದ್ದರೆ ಅದು ಹೋಗಿದೆಯೆಂದೇ ಲೆಕ್ಕ. ಮತ್ತೆ ಜೋಡಿಸಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 10.4ರ ಕೆಳಗೆ ಬೀಳಲಿಲ್ಲ. 9.6ಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿಯನ್ನು ಸಂಶಯಿಸುತ್ತಿದ್ದೆ.

ಮುಚ್ಚಳ ತೆರೆದಾಗ ಹೇಳಲೇಬೇಕಾದ ಮಾತೊಂದಿದೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಲವಣ ಎಷ್ಟೆಂದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬ್ಯಾಟರಿಗೆ ಹಾಕುವವರು ಕಡಿಮೆ. ಆದರೆ ಹಳ್ಳಿಯ ಶುದ್ಧ ನೀರಿನ ಘಟಕದಿಂದ ತಂದ ಆರ್‌ಒ ನೀರನ್ನು ಧೈರ್ಯವಾಗಿ ಸುರಿಯುವವರು ಬೇಕಾದಷ್ಟಿದ್ದಾರೆ. ಅದು ಕುಡಿಯುವ ನೀರು; ಅದರಲ್ಲೂ ಲವಣ ಉಳಿದಿರುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಸಲ್ಲುತ್ತದೆ.

ವಾಹನ ಸುಮ್ಮನೆ ನಿಂತಾಗ ಕರೆಂಟ್ ಸೋರುತ್ತಿದೆಯೇ ಎಂದು ತಿಳಿಯಲು, ಕೀ ತೆಗೆದು ಬಾಗಿಲು ಮುಚ್ಚಿ, ನೆಗೆಟಿವ್ ಕೇಬಲ್ ಮತ್ತು ಬ್ಯಾಟರಿಯ ನಡುವೆ ಮೀಟರನ್ನು ಸರಣಿಯಲ್ಲಿ ಜೋಡಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದೆ. 30 ಮಿಲಿಆಂಪಿಯರ್ ತೋರಿಸಿತು. 50ರ ಒಳಗಿದ್ದರೆ ಚಿಂತೆಯಿಲ್ಲ.

ಉಳಿದದ್ದು ಚಾರ್ಜಿಂಗ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ಡೈನಮೋ ಚೆನ್ನಾಗಿದೆ ಎನ್ನುವ ಪರೀಕ್ಷೆ ಇಂದಿಗೂ ರಸ್ತೆ ಬದಿಯಲ್ಲಿ ನಡೆಯುತ್ತಿದೆ. ಅದನ್ನು ನಾನು ಯಾರಿಗೂ ಮಾಡಗೊಡುವುದಿಲ್ಲ. ಬ್ಯಾಟರಿ ತಪ್ಪಿದ ಕ್ಷಣ ವೋಲ್ಟೇಜ್ ಒಮ್ಮೆಲೇ ಏರಿ ಆಲ್ಟರ್ನೇಟರಿನ ಡಯೋಡ್, ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್, ಎಂಜಿನ್ ನಿಯಂತ್ರಿಸುವ ಇಸಿಯು ಯಾವುದನ್ನಾದರೂ ಸುಡಬಹುದು. ಮೇಲಾಗಿ ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಬೇಡವಾದ್ದರಿಂದ ಹಳೆಯ ಮಾದರಿಗಳಲ್ಲಿ ಆಲ್ಟರ್ನೇಟರ್ ಸತ್ತಿದ್ದರೂ ಎಂಜಿನ್ ಓಡುತ್ತಲೇ ಇರಬಹುದು.

ಯಾವ ಲೋಡೂ ಇಲ್ಲದೆ, ಎಂಜಿನ್ ವೇಗವನ್ನು ತುಸು ಏರಿಸಿ ಬ್ಯಾಟರಿಯ ಮೇಲೆ ನೋಡಿದಾಗ 13.9 ವೋಲ್ಟ್ ಇತ್ತು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಚಾರ್ಜಿಂಗ್ ಸರಿಯಿದೆ ಎನ್ನುತ್ತಾರೆ. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲವನ್ನೂ ಹಾಕಿ ಅದೇ ವೇಗದಲ್ಲಿ ನೋಡಿದಾಗ ಅದು 13.1ಕ್ಕೆ ಇಳಿಯಿತು. ಆದರೆ ಮೀಟರಿನ ಕೆಂಪು ಪ್ರೋಬನ್ನು ಆಲ್ಟರ್ನೇಟರಿನಿಂದ ಕರೆಂಟ್ ಹೊರಬರುವ ಬಿ ಪ್ಲಸ್ ಬೋಲ್ಟಿಗೂ ಕಪ್ಪನ್ನು ಅದರ ಮೈಗೂ ಹಿಡಿದಾಗ 14.2 ಇತ್ತು. ಉತ್ಪಾದನೆಯಲ್ಲಿ ಕೊರತೆಯಿರಲಿಲ್ಲ; ಪಂಪಿನ ಬಳಿ ಒತ್ತಡ ಸರಿಯಿದ್ದರೂ ಡ್ರಿಪ್ಪಿನ ಫಿಲ್ಟರ್ ಕಟ್ಟಿಕೊಂಡಾಗ ಕೊನೆಯ ಸಾಲಿಗೆ ನೀರು ಬಾರದ ಹಾಗೆ, ದಾರಿಯಲ್ಲಿ 1.1 ವೋಲ್ಟ್ ಕಳೆದುಹೋಗುತ್ತಿತ್ತು. ನನ್ನ ವಾಹನದ ರೆಗ್ಯುಲೇಟರ್ ಆಲ್ಟರ್ನೇಟರಿನ ಒಳಗೇ ವೋಲ್ಟೇಜನ್ನು ನೋಡಿಕೊಳ್ಳುವ ಬಗೆಯದು. ಬ್ಯಾಟರಿಗೆ ಎಷ್ಟು ತಲುಪಿತೆಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ಲೋಡ್ ಹಾಗೆಯೇ ಇರಿಸಿ, ಎಂಜಿನ್ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆದಾಗ 0.1 ವೋಲ್ಟ್ ಸಿಕ್ಕಿತು, ಅರ್ಥಿಂಗ್ ಸರಿಯಿತ್ತು. ಬಿ ಪ್ಲಸ್ ಬೋಲ್ಟಿಗೂ ಬ್ಯಾಟರಿಯ ಪಾಸಿಟಿವ್‌ಗೂ ನಡುವೆ ಪೂರ್ತಿ 1.0 ವೋಲ್ಟ್. ಅಲ್ಲಿ 0.2 ಅಥವಾ 0.3ರ ಒಳಗೆ ಇರಬೇಕಿತ್ತು. ಪ್ರೋಬನ್ನು ಬೋಲ್ಟಿನಿಂದ, ಅದರ ತಂತಿ ಬಂದು ಸೇರುವ ಫ್ಯೂಸ್ ಬಾಕ್ಸಿನ ತುದಿಗೆ ಸರಿಸಿದಾಗ 0.1ಕ್ಕೆ ಇಳಿದದ್ದರಿಂದ, ತೊಂದರೆ ಬೋಲ್ಟಿಗೂ ಫ್ಯೂಸ್ ಬಾಕ್ಸಿಗೂ ನಡುವಿನ ತಂತಿಯಲ್ಲಿದೆ ಎಂದಾಯಿತು. ಸ್ಟಾರ್ಟರಿನ ದಪ್ಪ ಕೇಬಲ್ ಬೇರೆಯೇ ದಾರಿಯದಾದ್ದರಿಂದ, ಚಾರ್ಜ್ ತುಂಬಿದ್ದಾಗ ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತಿತ್ತು.

ಬಿ ಪ್ಲಸ್ ಸದಾ ಜೀವಂತವಿರುವ ತುದಿ. ಅದಕ್ಕೆ ಸ್ಪ್ಯಾನರ್ ಹಾಕುವ ಮೊದಲು ಎಂಜಿನ್ ನಿಲ್ಲಿಸಿ ಬ್ಯಾಟರಿಯ ನೆಗೆಟಿವ್ ಕಳಚಲೇಬೇಕು. ರಬ್ಬರ್ ಟೋಪಿ ಸರಿಸಿದಾಗ, ಹಿಂದೆ ಯಾರೋ ಕ್ರಿಂಪ್ ಮಾಡದೆ (ಉಪಕರಣದಿಂದ ಒತ್ತಿ ಬಿಗಿಯದೆ) ಸುತ್ತಿಗೆಯಲ್ಲಿ ಜಜ್ಜಿ ಕೂರಿಸಿದ್ದ ಲಗ್, ಅಂದರೆ ತಂತಿಯ ತುದಿಯನ್ನು ಬೋಲ್ಟಿಗೆ ಸೇರಿಸುವ ಲೋಹದ ತುಂಡು, ಕಾಣಿಸಿತು. ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿದ್ದವು, ಮೇಲಿನ ಇನ್ಸುಲೇಶನ್ ಕಂದು ಬಣ್ಣಕ್ಕೆ ತಿರುಗಿತ್ತು. 30 ಆಂಪಿಯರ್ ಹರಿಯುವಾಗ 0.9 ವೋಲ್ಟ್ ಅಲ್ಲಿ ಉಳಿದರೆ 27 ವ್ಯಾಟ್ ಶಾಖವಾಗುತ್ತದೆ. ಬಣ್ಣ ಬದಲಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ತಂತಿ ಕತ್ತರಿಸಿ, ಹೊಸ ಲಗ್ಗನ್ನು ಕ್ರಿಂಪಿಂಗ್ ಉಪಕರಣದಿಂದ ಒತ್ತಿಸಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಅದೇ ಲೋಡಿನಲ್ಲಿ ಬ್ಯಾಟರಿಗೆ ಈಗ 14.0 ತಲುಪುತ್ತಿದೆ, ಬ್ಯಾಟರಿಯೂ ಹಳೆಯದೇ ಮುಂದುವರಿದಿದೆ.

ಬಿ ಪ್ಲಸ್‌ನಲ್ಲೇ ವೋಲ್ಟೇಜ್ ಕಡಿಮೆ ಸಿಕ್ಕಿದ್ದರೆ ಮಾತು ಬೇರೆಯಾಗುತ್ತಿತ್ತು: ಬೆಲ್ಟಿನ ಬಿಗಿ, ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಬಲ್ಬು, ಆಲ್ಟರ್ನೇಟರಿನ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಬ್ರಷ್, ರೆಗ್ಯುಲೇಟರ್, ಡಯೋಡ್ ಇವನ್ನು ಆ ಕ್ರಮದಲ್ಲಿ ನೋಡುತ್ತಿದ್ದೆ. ಬ್ರೇಕಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುವ ಡೀಸೆಲ್ ವಾಹನಗಳಲ್ಲಿ ಪಂಪಿನ ಸೀಲ್ ಸೋರಿ ಬ್ರಷ್‌ಗಳು ಆಯಿಲಿನಲ್ಲಿ ನೆನೆಯುವುದುಂಟು. ಅಲ್ಲಿ ಸೀಲ್ ಬದಲಿಸದೆ ಬ್ರಷ್ ಮಾತ್ರ ಹಾಕಿಸಿದರೆ ಹೊಸ ಬ್ರಷ್‌ಗಳೂ ಅದೇ ಆಯಿಲಿನಲ್ಲಿ ನೆನೆದು ಕೆಡುತ್ತವೆ.