ಎಂಸಿಬಿ ಎಷ್ಟು ಆಂಪ್ಸ್? ನಾನು ಲೆಕ್ಕ ಹಾಕುವ ಬಗೆ

ತುಮಕೂರಿನಲ್ಲಿ ಒಬ್ಬರ ಮನೆ. ಸಂಪ್ ಮೋಟರ್ ಹಾಕಿದಾಗೆಲ್ಲ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿತ್ತು. ಎಂಸಿಬಿಗಳಿರುವ ಡಬ್ಬಿ, ಅಂದರೆ ಡಿಬಿ ತೆಗೆದೆ, ಬಿ ಕರ್ವ್ (ಕರೆಂಟ್ ಏಕಾಏಕಿ ಏರಿದರೆ ಬೇಗ ಬೀಳುವ ಜಾತಿ), 10 ಆಂಪ್ಸ್. "32ರದ್ದು ಹಾಕಿಬಿಡಿ ಸಾರ್, ಕಾಟ ತಪ್ಪತ್ತೆ" ಅಂದರು ಮನೆಯವರು. ಹೋಗಿದ್ದ ವೈರ್ 2.5 ಸ್ಕ್ವೇರ್ ಎಂಎಂ ತಾಮ್ರ. ಅದಕ್ಕೆ 32 ಹಾಕಿದರೆ ವೈರ್ ಕಾದು ಇನ್ಸುಲೇಶನ್ ಹಾಳಾದರೂ ಎಂಸಿಬಿ ಸುಮ್ನೆ ಕೂತಿರುತ್ತದೆ. ಎಂಸಿಬಿ ಹಾಕುವುದೇ ವೈರ್ ಉಳಿಸಲಿಕ್ಕೆ, ಅಲ್ವಾ?

ಮೋಟರ್ 1 ಎಚ್‌ಪಿ, ಅಂದರೆ 746 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ 3.2 ಆಂಪ್ಸ್ ಬರುತ್ತದೆ. ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಆ 746 ಶಾಫ್ಟಿನಲ್ಲಿ ಸಿಗುವ ಲೆಕ್ಕ. ಮೋಟರ್ ಲೈನಿನಿಂದ ಎಳೆಯುವುದು ಇದಕ್ಕಿಂತ ಜಾಸ್ತಿ. ಸಣ್ಣ ಸಿಂಗಲ್ ಫೇಸ್ ಪಂಪಿಗೆ ನಾನು ಎಫಿಶಿಯೆನ್ಸಿ (ಎಳೆದ ಪವರಿನಲ್ಲಿ ಶಾಫ್ಟಿಗೆ ಸಿಗುವ ಪಾಲು) 0.6, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.8 ಹಿಡಿಯುತ್ತೇನೆ. 746ನ್ನು 230 × 0.6 × 0.8ರಿಂದ ಭಾಗಿಸಿದರೆ 6.8 ಆಂಪ್ಸ್. ಪಂಪಿನ ಪ್ಲೇಟಿನ ಮಣ್ಣು ಒರೆಸಿ ನೋಡಿದರೆ 7 ಅಂತ ಇತ್ತು. ಪ್ಲೇಟ್ ಓದಲು ಬಂದರೆ ಲೆಕ್ಕಕ್ಕಿಂತ ಅದನ್ನೇ ನಂಬಿ. ಸಂಜೆ ವೋಲ್ಟೇಜ್ ಇಳಿದಾಗ ಇನ್ನೂ ಸ್ವಲ್ಪ ಏರುತ್ತದೆ ಅಂತ 25 ಪರ್ಸೆಂಟ್ ಸೇರಿಸಿದೆ: 8.75. ಅಂದರೆ 10 ಆಂಪ್ಸ್ ಸರಿಯಾಗೇ ಇತ್ತು.

ಹಾಗಾದರೆ ಬೀಳುವುದು ಯಾಕೆ? ಮೋಟರ್ ಎದ್ದೇಳುವ ಆ ಒಂದು ಕ್ಷಣ ಐದಾರು ಪಟ್ಟು, ಅಂದರೆ 35ರಿಂದ 42 ಆಂಪ್ಸ್ ಎಳೆಯುತ್ತದೆ. ಬಿ ಕರ್ವ್ ತನ್ನ ರೇಟಿಂಗಿನ 3ರಿಂದ 5 ಪಟ್ಟಿಗೇ ತಕ್ಷಣ ಬೀಳುತ್ತದೆ; 10ರದ್ದಾದರೆ 30ರಿಂದ 50ರೊಳಗೆ. ಸಿ ಕರ್ವಿಗೆ 5ರಿಂದ 10 ಪಟ್ಟು ಬೇಕು. ಅದೇ 10 ಆಂಪ್ಸಿನ ಸಿ ಕರ್ವ್ ಹಾಕಿ ಮೋಟರ್ ಆನ್ ಮಾಡಿದೆ, ಎಂಸಿಬಿ ಬೀಳಲಿಲ್ಲ. ವೈರಿಗೆ ಸಿಕ್ಕಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 6.6 ಆಂಪ್ಸ್ ತೋರಿಸಿತು.

ತೋಟದ 5 ಎಚ್‌ಪಿ ತ್ರೀ ಫೇಸ್ ಮೋಟರಿಗೂ ಇದೇ ದಾರಿ. ಭಾಗಿಸುವಾಗ 230ರ ಜಾಗದಲ್ಲಿ 1.732 × 415 ಹಾಕಬೇಕು. ಎಫಿಶಿಯೆನ್ಸಿ 0.85, ಪವರ್ ಫ್ಯಾಕ್ಟರ್ 0.8 ಹಿಡಿದರೆ ಫೇಸಿಗೆ 7.6 ಆಂಪ್ಸ್ ಬರುತ್ತದೆ.

ಗೀಸರಿನದು ಸುಲಭ. ಬರೀ ಹೀಟರ್ ಕಾಯಿಲ್, ಪವರ್ ಫ್ಯಾಕ್ಟರಿನ ತಲೆನೋವಿಲ್ಲ. ಅದೇ ಮನೆಯ 3000 ವ್ಯಾಟಿನ ಗೀಸರಿಗೆ 13 ಆಂಪ್ಸ್ ಬಂತು, 16ರ ಎಂಸಿಬಿ ಸಾಕು. ಆದರೆ ಯಾರೋ ಪುಣ್ಯಾತ್ಮರು ಅಲ್ಲಿಗೆ 1.5 ಸ್ಕ್ವೇರ್ ವೈರ್ ಎಳೆದಿದ್ದರು. ಅದೇ ಪೈಪಿನಲ್ಲಿ ಲೈಟಿನ ವೈರುಗಳೂ ತುಂಬಿದ್ದವು. ಗೀಸರಿಗೆ ಬೇರೆ ಪೈಪ್ ಹಾಕಿಸಿ, 4 ಸ್ಕ್ವೇರ್ ಎಳೆದು, ಆಮೇಲೆ 16ರದ್ದು ಕೂರಿಸಿದೆ. ಖರ್ಚು ಕೇಳಿ ಮನೆಯವರ ಮುಖ ಸಣ್ಣದಾಯಿತು. ಬಿಚ್ಚಿದ ಹಳೇ ವೈರಿನ ತುದಿ ಕಪ್ಪಾಗಿದ್ದನ್ನು ತೋರಿಸಿದ ಮೇಲೆ ಮಾತಿಲ್ಲದೆ ದುಡ್ಡು ಕೊಟ್ಟರು.