ಸಿರೋಸಿಸ್ ಇರೋರಿಗೆ ಇನ್‌ಫೆಕ್ಷನ್ ಆಗಿದೆ ಅಂತ ಕಂಡುಹಿಡಿಯೋದು ಹೇಗೆ?

ಲಿವರ್ ಸಿರೋಸಿಸ್, ಅಂದ್ರೆ ಲಿವರ್ ತುಂಬಾ ಗಾಯದ ಕಲೆಯಾಗಿ ಅದು ಗಟ್ಟಿಯಾಗೋ ಕಾಯಿಲೆ, ಇರೋ ಪೇಷಂಟ್‌ಗೆ ಬ್ಯಾಕ್ಟೀರಿಯಾ ಇನ್‌ಫೆಕ್ಷನ್ ಆದಾಗ ಎಷ್ಟೋ ಸಲ ಜ್ವರಾನೇ ಬರಲ್ಲ. ಮನೆಯವರಿಗೆ ಇದು ಗೊತ್ತಿರಲೇಬೇಕು, ಯಾಕಂದ್ರೆ ಜ್ವರ ಇಲ್ವಲ್ಲ ನಾಳೆ ನೋಡೋಣ ಅಂತ ಬಿಟ್ರೆ ಆ ಒಂದು ದಿನದಲ್ಲೇ ಕಿಡ್ನಿ ಕೈಕೊಡಬಹುದು. ಜ್ವರ ಯಾಕೆ ಬರಲ್ಲ, ಹಾಗಾದ್ರೆ ಏನನ್ನ ಗಮನಿಸ್ಬೇಕು, ಒಂದೊಂದಾಗಿ ನೋಡೋಣ.

ಮೊದಲು ಲಿವರ್‌ನ ಇನ್ನೊಂದು ಕೆಲಸ ತಿಳ್ಕೊಳ್ಳಿ. ಲಿವರ್‌ಗೆ ಬರೋ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ, ಪೋರ್ಟಲ್ ವೇನ್ ಅನ್ನೋ ರಕ್ತನಾಳದಲ್ಲಿ ಬರುತ್ತೆ. ಕರುಳ ತುಂಬಾ ಬ್ಯಾಕ್ಟೀರಿಯಾ ಇರೋದ್ರಿಂದ ಆರೋಗ್ಯವಾಗಿರೋರಲ್ಲೂ ಅವುಗಳ ಚೂರುಪಾರು ಆ ರಕ್ತಕ್ಕೆ ಸೇರ್ತಾನೇ ಇರುತ್ತೆ, ಅದನ್ನ ಹಿಡಿದು ನುಂಗಿ ಹಾಕೋದು ಲಿವರ್ ಒಳಗಿರೋ ಕುಫ್ಫರ್ ಸೆಲ್ಸ್. ದೇಹದ ಬೇರೆಬೇರೆ ಅಂಗಗಳಲ್ಲಿ ನೆಲೆಸಿರೋ ಈ ಥರದ ನುಂಗೋ ಕಣಗಳಲ್ಲಿ ಬಹುಪಾಲು ಇರೋದೇ ಲಿವರ್‌ನಲ್ಲಿ. ಬ್ಯಾಕ್ಟೀರಿಯಾಗೆ ಅಂಟ್ಕೊಂಡು ಅದನ್ನ ನುಂಗೋದಕ್ಕೆ ಸುಲಭ ಮಾಡಿಕೊಡೋ ಕಾಂಪ್ಲಿಮೆಂಟ್ ಅನ್ನೋ ಪ್ರೋಟೀನ್‌ಗಳೂ ಹೆಚ್ಚಾಗಿ ಇಲ್ಲೇ ತಯಾರಾಗೋದು.

ಆಮೇಲೆ ಎಲ್ಲಿ ಕೆಡುತ್ತೆ ನೋಡಿ. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ ಪೋರ್ಟಲ್ ವೇನ್‌ನಲ್ಲಿ ಪ್ರೆಷರ್ ಏರುತ್ತೆ, ರಕ್ತ ಬೇರೆ ದಾರಿ ಮಾಡ್ಕೊಂಡು ಲಿವರ್‌ನ ತಪ್ಪಿಸಿ ನೇರ ಮೈಗೆಲ್ಲಾ ಹೋಗುತ್ತೆ, ಅಂದ್ರೆ ಕುಫ್ಫರ್ ಸೆಲ್ಸ್ ಕಣ್ಣಿಗೇ ಬೀಳದೆ ಬ್ಯಾಕ್ಟೀರಿಯಾ ದಾಟಿಬಿಡುತ್ತೆ. ಅತ್ತ ಕರುಳಿನ ಚಲನೆ ನಿಧಾನ, ಪಿತ್ತರಸ ಕಮ್ಮಿ, ಹಂಗಾಗಿ ಸಣ್ಣ ಕರುಳಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಬೆಳೆಯುತ್ತೆ, ಕರುಳಿನ ಗೋಡೆಯೂ ಸೋರೋಕೆ ಶುರುವಾಗುತ್ತೆ.

ಈಗ ಇಮ್ಯುನಿಟಿ ಏನ್ಮಾಡುತ್ತೆ? ಇಲ್ಲೇ ಇರೋದು ಅಸಲಿ ವಿಷಯ. ಬ್ಯಾಕ್ಟೀರಿಯಾದ ಹೊರಪದರದ ಎಂಡೋಟಾಕ್ಸಿನ್‌ನ ಬಿಳಿ ರಕ್ತಕಣಗಳು ಟಿಎಲ್‌ಆರ್4 ಅನ್ನೋ ರಿಸೆಪ್ಟರ್‌ನಿಂದ ಗುರುತಿಸಿ ಟಿಎನ್‌ಎಫ್, ಐಎಲ್-6 ಥರದ ಕೆಮಿಕಲ್ಸ್ ಬಿಡ್ತವೆ, ಅದ್ರಿಂದ ಉರಿಯೂತ ಆಗುತ್ತೆ, ರಕ್ತನಾಳ ಹಿಗ್ಗುತ್ತೆ, ಬಿಪಿ ಇಳಿಯುತ್ತೆ. ಮಾಮೂಲಿ ದೇಹದಲ್ಲಿ ಇದು ನಾಕು ದಿನ ನಡೆದು ನಿಲ್ಲುತ್ತೆ. ಸಿರೋಸಿಸ್‌ನಲ್ಲಿ ಸೋರಿಕೆ ನಿಲ್ಲದೇ ಇರೋದ್ರಿಂದ ಇದೂ ನಿಲ್ಲಲ್ಲ, ತಿಂಗಳುಗಟ್ಟಲೆ ನಡೆದೂ ನಡೆದೂ ಕಣಗಳೇ ಸೋತುಹೋಗ್ತವೆ. ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾನ ನುಂಗೋದು, ಕೊಲ್ಲೋದು ಎರಡೂ ಕಮ್ಮಿಯಾಗುತ್ತೆ, ಶತ್ರುವಿನ ತುಣುಕನ್ನ ಬೇರೆ ಕಣಗಳಿಗೆ ತೋರಿಸೋ ಎಚ್‌ಎಲ್‌ಎ-ಡಿಆರ್ ಅನ್ನೋ ಪ್ರೋಟೀನ್ ಮಾನೋಸೈಟ್ ಅನ್ನೋ ಇನ್ನೊಂದು ಥರದ ಬಿಳಿ ರಕ್ತಕಣಗಳ ಮೇಲೆ ಇಳಿದುಬಿಡುತ್ತೆ. ಒಂದೇ ದೇಹದಲ್ಲಿ ಉರಿಯೂತವೂ ಜಾಸ್ತಿ, ರಕ್ಷಣೆಯೂ ಕಮ್ಮಿ. ಹೀಗೆ ಸೋತ ಕಣಗಳು ಹೊಸ ಇನ್‌ಫೆಕ್ಷನ್‌ಗೆ ಸರಿಯಾಗಿ ಸ್ಪಂದಿಸದೇ ಇರೋದ್ರಿಂದಲೇ ಎಷ್ಟೋ ಸಲ ಜ್ವರ ಬರಲ್ಲ. ಇಮ್ಯುನಿಟಿ ಹೆಚ್ಚಿಸುತ್ತೆ ಅಂತ ಸಿಕ್ಕಿದ್ದೆಲ್ಲಾ ಪೌಡರ್, ಕಷಾಯ ಕೊಡ್ಬೇಡಿ ಅಂತ ನಾನು ಕೈಮುಗಿದು ಕೇಳೋದು ಇದಕ್ಕೇನೇ, ಅದ್ರಲ್ಲಿ ಕೆಲವು ಲಿವರ್‌ಗೇ ನೇರ ಏಟು ಕೊಡ್ತವೆ.

ರಿಪೋರ್ಟ್‌ನ ನಾರ್ಮಲ್ ರೇಂಜ್ ನೋಡಿ ಸಮಾಧಾನ ಪಡ್ಬೇಡಿ. ದೊಡ್ಡದಾದ ಸ್ಪ್ಲೀನ್ (ಗುಲ್ಮ) ಬಿಳಿ ರಕ್ತಕಣಗಳನ್ನ ಹಿಡಿದಿಟ್ಕೊಳ್ಳೋದ್ರಿಂದ ಕೆಲವರ ಕೌಂಟ್ ಯಾವಾಗ್ಲೂ 3000 ಆಸುಪಾಸಲ್ಲೇ ಇರುತ್ತೆ, ಅಂಥವರಿಗೆ 7000 ಬಂದ್ರೆ ಲ್ಯಾಬ್ ಪ್ರಕಾರ ನಾರ್ಮಲ್, ಅವರ ಮಟ್ಟಿಗೆ ಎರಡು ಪಟ್ಟಿಗಿಂತ ಜಾಸ್ತಿ. ಹಳೇ ರಿಪೋರ್ಟ್ ಪಕ್ಕ ಇಟ್ಕೊಂಡು ಹೋಲಿಸಿ. ಉರಿಯೂತ ಇದ್ದಾಗ ರಕ್ತದಲ್ಲಿ ಏರೋ ಸಿಆರ್‌ಪಿ ಅನ್ನೋ ಪ್ರೋಟೀನ್ ತಯಾರಾಗೋದೂ ಲಿವರ್‌ನಲ್ಲೇ, ಆದ್ರಿಂದ ಲಿವರ್ ತುಂಬಾ ಕೆಟ್ಟಿದ್ರೆ ಅದೂ ಏರಬೇಕಾದಷ್ಟು ಏರಲ್ಲ. ಪೋರ್ಟಲ್ ಪ್ರೆಷರ್ ಇಳಿಸೋಕೆ ಕೊಡೋ ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ಮಾತ್ರೆ ತಗೋತಿದ್ರೆ ನಾಡಿ ಬಡಿತವೂ ಜೋರಾಗಲ್ಲ.

ಮತ್ತೆ ಏನ್ ನೋಡ್ಬೇಕು ಅಂದ್ರೆ, ಮಾತು ತಡವರಿಸೋದು, ಹಗಲೆಲ್ಲಾ ನಿದ್ದೆ ರಾತ್ರಿ ಎಚ್ಚರ, ಕೈ ಮುಂದೆ ಚಾಚಿದ್ರೆ ಅದುರೋದು, ಮೂತ್ರ ಕಮ್ಮಿಯಾಗೋದು, ಕಾಮಾಲೆ ಇದ್ದಕ್ಕಿದ್ದಂತೆ ಜಾಸ್ತಿಯಾಗೋದು, ಹೊಟ್ಟೆನೋವು, ಬಿಪಿ ಇಳಿಯೋದು. ಇವುಗಳಲ್ಲಿ ಒಂದು ಹೊಸದಾಗಿ ಕಂಡ್ರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಹೊಟ್ಟೇಲಿ ನೀರು ತುಂಬಿದ್ರೆ ಆ ನೀರಿನ ಟೆಸ್ಟ್ ಬಗ್ಗೆ ನೀವೇ ಕೇಳಿ. ಆ ನೀರಲ್ಲಿ ಕಾಂಪ್ಲಿಮೆಂಟ್ ಕಮ್ಮಿ ಇರೋದ್ರಿಂದ ಬ್ಯಾಕ್ಟೀರಿಯಾಗೆ ಬೆಳೆಯೋಕೆ ಅಡ್ಡಿ ಇಲ್ಲ, ನೀರಿನ ಪ್ರೋಟೀನ್ ಡೆಸಿಲೀಟರ್‌ಗೆ 1.5 ಗ್ರಾಂಗಿಂತ ಕಮ್ಮಿ ಇದ್ದೋರಿಗೆ ಅಪಾಯ ಜಾಸ್ತಿ. ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ನ್ಯೂಟ್ರೋಫಿಲ್ ಎಣಿಸ್ತಾರೆ, ಒಂದು ಘನ ಮಿಲಿಮೀಟರ್‌ಗೆ 250 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಎಸ್‌ಬಿಪಿ (ಹೊಟ್ಟೆಯ ನೀರಿಗೆ ತಾನಾಗೇ ಆಗೋ ಬ್ಯಾಕ್ಟೀರಿಯಾ ಇನ್‌ಫೆಕ್ಷನ್) ಅಂತ ಹಿಡಿದು, ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಕಲ್ಚರ್ ರಿಪೋರ್ಟ್‌ಗೆ ಕಾಯದೆ ಆಂಟಿಬಯಾಟಿಕ್ ಶುರು ಮಾಡ್ತಾರೆ. ಕಲ್ಚರ್‌ನಲ್ಲಿ ಎಷ್ಟೋ ಸಲ ಏನೂ ಬೆಳೆಯಲ್ಲ, ಅಂದ ಮಾತ್ರಕ್ಕೆ ಇನ್‌ಫೆಕ್ಷನ್ ಇಲ್ಲ ಅಂತಲ್ಲ. ಬೆಳೆದಾಗ ಹೆಚ್ಚಾಗಿ ಸಿಗೋದು ಕರುಳಿನದ್ದೇ ಆದ ಇ. ಕೋಲಿ, ಕ್ಲೆಬ್ಸಿಯೆಲ್ಲಾ.

ಜೊತೆಗೆ ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್‌ನ ಡ್ರಿಪ್ ಹಾಕೋದು ಸುಮ್ನೆ ಅಲ್ಲ, ಕಿಡ್ನಿ ಉಳಿಸೋಕೆ. 1999ರಲ್ಲಿ ಪ್ರಕಟವಾದ ಸ್ಪೇನ್‌ನ ಸ್ಟಡಿಯಲ್ಲಿ ಬರೀ ಆಂಟಿಬಯಾಟಿಕ್ ಕೊಟ್ಟವರಲ್ಲಿ 33% ಜನಕ್ಕೆ ಕಿಡ್ನಿ ತೊಂದರೆಯಾಯ್ತು, ಆಲ್ಬುಮಿನ್ ಸೇರಿಸಿ ಕೊಟ್ಟವರಲ್ಲಿ 10%. ಡೋಸ್ ಅಂದ್ರೆ ಮೊದಲ ದಿನ ಕೆಜಿಗೆ 1.5 ಗ್ರಾಂ, ಮೂರನೇ ದಿನ ಕೆಜಿಗೆ 1 ಗ್ರಾಂ.

ಉಳಿದಂತೆ ಮನೇಲಿ: ಆಸಿಡಿಟಿ ಮಾತ್ರೆ ಡಾಕ್ಟರ್ ಹೇಳದೆ ವರ್ಷಗಟ್ಟಲೆ ನುಂಗ್ಬೇಡಿ, ಹೊಟ್ಟೆಯ ಆಸಿಡ್ ಕಮ್ಮಿಯಾದ್ರೆ ಇನ್‌ಫೆಕ್ಷನ್‌ಗೆ ದಾರಿ ಸುಲಭ. ಹಸಿ ಚಿಪ್ಪುಮೀನು ಬೇಡವೇ ಬೇಡ, ಅದರಲ್ಲಿರಬಹುದಾದ ವಿಬ್ರಿಯೊ ಅನ್ನೋ ಬ್ಯಾಕ್ಟೀರಿಯಾ ಸಿರೋಸಿಸ್ ಇರೋರಿಗೆ ಪ್ರಾಣಕ್ಕೇ ಬರುತ್ತೆ. ರಕ್ತವಾಂತಿ ಆಗಿ ಅಡ್ಮಿಟ್ ಆದಾಗ ಇನ್‌ಫೆಕ್ಷನ್ ಇಲ್ಲದಿದ್ರೂ ಆಂಟಿಬಯಾಟಿಕ್ ಕೊಡ್ತಾರೆ, ಅದನ್ನ ಬೇಡ ಅನ್ಬೇಡಿ. ಇನ್ನು ನ್ಯೂಮೋನಿಯಾ, ಫ್ಲೂ, ಹೆಪಟೈಟಿಸ್ ಬಿ ಲಸಿಕೆಗಳನ್ನ ಕಾಯಿಲೆ ಗೊತ್ತಾದ ಕೂಡ್ಲೇ ಹಾಕಿಸಿ, ಯಾಕಂದ್ರೆ ಲಿವರ್ ಕೆಡ್ತಾ ಹೋದಂಗೆ ಲಸಿಕೆಗೂ ದೇಹ ಸರಿಯಾಗಿ ಸ್ಪಂದಿಸಲ್ಲ.